ಕಛೇರಿಗೆ ಬಂದವರಲ್ಲಿ ಬರೆಯುವವರೇ ಇಲ್ಲ

ಬೆಂಗಳೂರಿನ ಒಂದು ಸಂಗೀತ ಸಭೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಕಛೇರಿಗೆ ಮುಂಚಿನ ಭಾಷಣದಲ್ಲಿ ಪದಾಧಿಕಾರಿಯೊಬ್ಬರು ಹೇಳಿದರು: "ಪೇಪರಿನವರ ಹಿಂದೆ ಇನ್ನೂ ಯಾಕೆ ಓಡಾಡ್ಬೇಕು? ಒಂದು ರೀಲ್ ಹಾಕಿದ್ರೆ ಬೆಳಗಾಗೋದ್ರೊಳಗೆ ಹತ್ತು ಸಾವಿರ ಜನ ನೋಡಿರ್ತಾರೆ." ಜೋರು ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಹಾಡುವವರಿದ್ದರು, ನುಡಿಸುವವರಿದ್ದರು, ಮೂವತ್ತು ವರ್ಷದಿಂದ ರಾಮನವಮಿ ಕಛೇರಿ ತಪ್ಪಿಸದ ರಸಿಕರಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ತಲೆ ಎಣಿಸಿದೆ. ಅರವತ್ತೆರಡು. ಹತ್ತು ಸಾವಿರದಲ್ಲಿ ಉಳಿದವರು ಎಲ್ಲಿದ್ದರು?

ಆ ಮಾತಿಗಿಂತ ಆ ಚಪ್ಪಾಳೆ ನನ್ನನ್ನು ಹೆಚ್ಚು ಕಲಕಿತು. ಒಬ್ಬರ ಅಭಿಪ್ರಾಯವಾಗಿದ್ದರೆ ಸುಮ್ಮನಿರಬಹುದಿತ್ತು. ಇದು ಈಗ ಊರಿಗೆ ಊರೇ ಒಪ್ಪಿಕೊಂಡು ಕೂತಿರುವ ಮಾತು. ಸಂಪಾದಕರನ್ನು ಕೇಳಿದರೆ ಸಂಗೀತ ವಿಮರ್ಶೆಗೆ ಓದುಗರಿಲ್ಲ ಅನ್ನುತ್ತಾರೆ. ಸಂಘಟಕರು ಪ್ರಚಾರ ಸಿಕ್ಕರೆ ಸಾಕು, ವಿಮರ್ಶೆ ಬೇಡ ಅನ್ನುತ್ತಾರೆ. ಕಲಾವಿದರು, ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುತ್ತೇವೆ, ನಡುವೆ ಇನ್ನೊಬ್ಬರು ಯಾಕೆ ಅನ್ನುತ್ತಾರೆ. ಮೂವರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಕಾಲ ಬದಲಾಗಿದೆ.

ಈ ಮಾತು ತಪ್ಪು. ತಪ್ಪಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇದು ಈ ಊರಿನ ಸಂಗೀತವನ್ನು ಕೊರೆದು ಟೊಳ್ಳು ಮಾಡುತ್ತಿದೆ. ಊರಿನ ಸಂಗೀತವನ್ನು ಊರಿನಲ್ಲೇ ಕೂತು ಕೇಳಿ, ವಿಚಾರಿಸಿ, ಬರೆಯುವ ಪತ್ರಕರ್ತ ಕಛೇರಿಯ ಆಚೆ ನಿಂತ ಮನುಷ್ಯನಲ್ಲ. ಚಪ್ಪರ, ಮೈಕು, ಪಕ್ಕವಾದ್ಯ ಎಷ್ಟು ಬೇಕೋ ಆತನೂ ಅಷ್ಟೇ ಬೇಕು.

ನಾನು ಸಂಗೀತಕ್ಕೆ ಬಂದದ್ದು ಪತ್ರಿಕೆಯ ಒಂದೂವರೆ ಸಾಲಿನಿಂದ. 'ನಗರದಲ್ಲಿ ಇಂದು' ಎಂಬ ಅಂಕಣದಲ್ಲಿ ಪ್ರವಚನ, ಪುಸ್ತಕ ಬಿಡುಗಡೆ, ಉಚಿತ ನೇತ್ರ ತಪಾಸಣೆಗಳ ನಡುವೆ ಒಂದು ಹೆಸರು, ಗಾಯನ ಸಮಾಜ, ಸಂಜೆ ಆರು ಎಂದಿತ್ತು. ಕಾಲೇಜಿನ ಮೊದಲ ವರ್ಷ. ಮಾಡಲು ಬೇರೇನೂ ಇರಲಿಲ್ಲ. ಯಶವಂತಪುರದಿಂದ ಬಸ್ಸು ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದು ಕೆ.ಆರ್. ರಸ್ತೆಗೆ ನಡೆದೆ. ಮುಂದಿನ ಎರಡೂವರೆ ಗಂಟೆಯಲ್ಲಿ ನನಗೆ ಅರ್ಥವಾದದ್ದು ಬಹಳ ಕಡಿಮೆ. ಆದರೆ ನಾಲ್ಕು ದಿನ ಬಿಟ್ಟು ಅದೇ ಪತ್ರಿಕೆಯಲ್ಲಿ ಆ ಕಛೇರಿಯ ವಿಮರ್ಶೆ ಬಂತು. ಆಲಾಪನೆ ನಿಧಾನವಾಗಿ ಅರಳಿದ ಬಗೆ ಚೆನ್ನಾಗಿತ್ತು, ನೆರವಲಿನಲ್ಲಿ ಸಾಹಿತ್ಯದ ಪದಗಳು ಒಡೆದುಹೋದವು, ತನಿ ಆವರ್ತನಕ್ಕೆ ಬೇಕಾದಷ್ಟು ಹೊತ್ತು ಕೊಡಲಿಲ್ಲ ಎಂದು ಬರೆದಿದ್ದರು. ನಾನು ಆ ಹಾಲಿನಲ್ಲಿ ಕೂತಿದ್ದವನು. ಇದೆಲ್ಲ ನನ್ನ ಕಿವಿಗೂ ಬಿದ್ದಿತ್ತು, ಹೇಳಲು ಮಾತಿರಲಿಲ್ಲ. ಆ ಮುನ್ನೂರು ಪದಗಳು ನನಗೆ ಮಾತು ಕೊಟ್ಟವು. ಮರುವಾರ ಮತ್ತೆ ಹೋದೆ. ಈಗಲೂ ಹೋಗುತ್ತಿದ್ದೇನೆ.

ಬೆಂಗಳೂರು ಗಾಯನ ಸಮಾಜ 1905ರಲ್ಲಿ ಹುಟ್ಟಿದ್ದು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ ಕೋಟೆ ಹೈಸ್ಕೂಲು ಮೈದಾನದಲ್ಲಿ ಚಪ್ಪರ ಹಾಕಿ ನಡೆಸುವ ರಾಮನವಮಿ ಉತ್ಸವ 1939ರಿಂದ ಬಂದದ್ದು. ಪಿಟೀಲು ಚೌಡಯ್ಯನವರ ಹೆಸರಿನ, ಪಿಟೀಲಿನದೇ ಆಕಾರದ ಸಭಾಭವನ 1980ರದು. ಇಂಥ ಸಂಸ್ಥೆಗಳಿಗೆ ತಲೆಮಾರಿನಿಂದ ತಲೆಮಾರಿಗೆ ಕೇಳುಗರು ಬಂದದ್ದು ಹೇಗೆ? ಮನೆಯಲ್ಲಿ ಸಂಗೀತವಿದ್ದವರನ್ನು ಅಪ್ಪ ಅಮ್ಮ ಕೈಹಿಡಿದು ಕರೆತಂದರು. ನನ್ನ ಹಾಗೆ ಮನೆಯಲ್ಲಿ ತಂಬೂರಿ ಕಾಣದವರನ್ನು ಕರೆತಂದದ್ದು ಪತ್ರಿಕೆ. ಅದರ ಬಾಗಿಲಿನಲ್ಲಿ ಯಾರೂ ನಿನ್ನ ಮನೆತನ ಯಾವುದು, ಗುರು ಯಾರು ಎಂದು ಕೇಳುತ್ತಿರಲಿಲ್ಲ. ಆ ಬಾಗಿಲು ಮುಚ್ಚಿದರೆ ಉಳಿಯುವುದು ಗೊತ್ತಿದ್ದವರು ಗೊತ್ತಿದ್ದವರಿಗೇ ಕಳಿಸುವ ವಾಟ್ಸ್ಆ್ಯಪ್ ಸಂದೇಶ. ಸಂಗೀತ ಸಭೆಗಳಲ್ಲಿ ಒಂದೇ ಬಗೆಯ ಜನ, ಒಂದೇ ವಯಸ್ಸಿನ ಜನ ಎಂದು ಕೊರಗುವವರು, ಹೊರಗಿನವನಿಗೆ ದಾರಿ ತೋರಿಸುತ್ತಿದ್ದ ಒಂದೇ ಕಂಬದ ದೀಪ ಆರಿದಾಗ ಯಾಕೆ ಚಪ್ಪಾಳೆ ತಟ್ಟುತ್ತಾರೆ?

ಜಾಲತಾಣ ಆ ಕೆಲಸ ಮಾಡುತ್ತದೆ ಅನ್ನುವುದು ಸುಳ್ಳು ಸಮಾಧಾನ. ನನ್ನ ಫೋನಿಗೆ ಬಸವನಗುಡಿ ಗೊತ್ತಿಲ್ಲ, ಮಲ್ಲೇಶ್ವರ ಗೊತ್ತಿಲ್ಲ. ನಾನು ನಿನ್ನೆ ಏನು ಕೇಳಿದೆನೋ ಅದನ್ನೇ ಇವತ್ತು ಮತ್ತೆ ತಂದು ಮುಂದಿಡುವುದು ಅದಕ್ಕೆ ಗೊತ್ತು. ಈಗಾಗಲೇ ಹೆಸರಾದವರಿಗೆ ಇನ್ನಷ್ಟು ಹೆಸರು ತರುತ್ತದೆ. ಮೊದಲ ಕಛೇರಿಗೆ ಕೂತ ಹತ್ತೊಂಬತ್ತರ ಹುಡುಗಿಯನ್ನು ಕೇಳುಗನ ಮುಂದೆ ನಿಲ್ಲಿಸುವ ಹೊಣೆ ಅದಕ್ಕಿಲ್ಲ. ಅರ್ಧ ನಿಮಿಷದ ತುಣುಕಿನಲ್ಲಿ ಇಪ್ಪತ್ತು ನಿಮಿಷದ ತೋಡಿ ರಾಗ ಹಿಡಿಸುವುದಿಲ್ಲ. ಹಿಡಿಸುವುದು ಕೊನೆಯ ಕಲ್ಪನಾಸ್ವರದ ಬಿರುಸು, ಚಪ್ಪಾಳೆ ಬೀಳುವ ಜಾಗ. ಬರಬರುತ್ತ ಕಲಾವಿದರು ಆ ಜಾಗಕ್ಕಾಗಿಯೇ ಹಾಡತೊಡಗಿದ್ದಾರೆ. ನಾನು ಇದನ್ನು ಕಣ್ಣಾರೆ ನೋಡುತ್ತಿದ್ದೇನೆ. ವೇದಿಕೆಯ ಮುಂದೆ ಮೊಬೈಲ್ ಹಿಡಿದು ಕೂತ ಶಿಷ್ಯ, ಅವನ ಕಡೆಗೇ ತಿರುಗಿರುವ ಗುರು.

ಇನ್ನು ವಿಮರ್ಶೆ ಕಲಾವಿದರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂಬ ಮಾತು. ಮೇಲುನೋಟಕ್ಕೆ ಕರುಣೆಯ ಹಾಗೆ ಕಾಣುವುದರಿಂದ ಇದು ಎಲ್ಲಕ್ಕಿಂತ ಹೆಚ್ಚು ಒಪ್ಪಿತವಾಗಿದೆ. ತಮಿಳು ಲೇಖಕ ಕಲ್ಕಿ ಕೃಷ್ಣಮೂರ್ತಿ 'ಕರ್ನಾಟಕಂ' ಎಂಬ ಹೆಸರಿನಲ್ಲಿ ಆನಂದ ವಿಕಟನ್ ಪತ್ರಿಕೆಗೆ ಕಛೇರಿಗಳ ಬಗ್ಗೆ ಬರೆದರು. ಮದರಾಸಿನ ಸಂಗೀತವೇನೂ ಅದರಿಂದ ಕುಗ್ಗಲಿಲ್ಲ. ದೆಹಲಿಯಲ್ಲಿ ವಿಮರ್ಶಕ ಸುಬ್ಬುಡು ಅವರ ಲೇಖನಿಗೆ ದೊಡ್ಡ ದೊಡ್ಡವರೇ ಅಂಜುತ್ತಿದ್ದರು. ಅಂಜಿದವರು ಮಾರನೆಯ ದಿನ ಪತ್ರಿಕೆಯನ್ನು ತೆರೆಯದೆ ಬಿಡಲಿಲ್ಲ. ನಮ್ಮಲ್ಲಿ ಬಿ.ವಿ.ಕೆ. ಶಾಸ್ತ್ರಿಗಳು ದಶಕಗಳ ಕಾಲ ಸಂಗೀತ, ಚಿತ್ರಕಲೆ ಎರಡರ ಬಗ್ಗೆಯೂ ಬೆಂಗಳೂರಿನ ಪತ್ರಿಕೆಗಳಲ್ಲಿ ಬರೆದರು. ಅವರ ಬರಹದಿಂದ ಯಾವ ಗಾಯಕನ ಹೊಟ್ಟೆಗೆ ಹೊಡೆತ ಬಿತ್ತು? ಹೊಟ್ಟೆಗೆ ಹೊಡೆತ ಬೀಳುವುದು ಮೌನದಿಂದ. ಹದಿನೈದು ವರ್ಷ ಸಾಧನೆ ಮಾಡಿ ವೇದಿಕೆ ಏರಿದವನ ಬಗ್ಗೆ ಊರಿನಲ್ಲಿ ಒಬ್ಬರೂ ಒಂದು ಸಾಲನ್ನೂ ಬರೆಯದಿದ್ದರೆ, ಆತ ಮುಂದಿನ ಸಭೆಯ ಕಾರ್ಯದರ್ಶಿಗೆ ಏನನ್ನು ತೋರಿಸಬೇಕು? ಫಾಲೋವರ್ ಸಂಖ್ಯೆಯನ್ನೇ? ಈಗ ಆಗುತ್ತಿರುವುದು ಅದೇ. ಎಷ್ಟು ಜನ ಹಿಂಬಾಲಿಸುತ್ತಾರೆ ಎಂದು ಸಂಘಟಕರು ನೇರವಾಗಿಯೇ ಕೇಳುತ್ತಾರೆ ಎಂದು ಯುವ ಗಾಯಕಿಯೊಬ್ಬರು ನನ್ನ ಮುಂದೆ ಕಣ್ಣು ತುಂಬಿಕೊಂಡು ಹೇಳಿದರು. "ನಾನು ಹಾಡಿದ್ದನ್ನ ಕೇಳಿ ಬೇಡ ಅಂದಿದ್ರೆ ಸಹಿಸ್ತಿದ್ದೆ ಸಾರ್" ಅಂದರು. ಕೇಳಿ ಬೇಡ ಅನ್ನುವ ಹಕ್ಕಿದ್ದವನನ್ನು ನಾವು ಮನೆಗೆ ಕಳಿಸಿದ್ದೇವೆ.

ಪತ್ರಿಕೆಗಳಲ್ಲಿ ಸಂಗೀತದ ಸುದ್ದಿ ಈಗಲೂ ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ. 'ಸಂಗೀತದ ರಸದೌತಣ', 'ಶ್ರೋತೃಗಳನ್ನು ಮಂತ್ರಮುಗ್ಧಗೊಳಿಸಿದ ಗಾಯನ' ಎಂಬ ಶೀರ್ಷಿಕೆಗಳಡಿ ಸಂಘಟಕರೇ ಬರೆದು ಕಳಿಸಿದ ಪ್ರಕಟಣೆ ಅಕ್ಷರವೂ ಕದಲದೆ ಅಚ್ಚಾಗುತ್ತದೆ. ಕೆಲವು ಸಲ ಕಛೇರಿ ನಡೆಯುವ ಮೊದಲೇ ಬರೆದಿಟ್ಟದ್ದು ಅದು. ಯಾವ ರಾಗ, ಪಿಟೀಲು ಯಾರು, ಮೃದಂಗ ಯಾರು ಎಂಬುದಿಲ್ಲದಿದ್ದರೂ ದೀಪ ಬೆಳಗಿದ ಗಣ್ಯರ ಪಟ್ಟಿ ತಪ್ಪದೆ ಇರುತ್ತದೆ. ಇದಕ್ಕೆ ಪತ್ರಿಕೋದ್ಯಮ ಎಂಬ ಹೆಸರು ಸಲ್ಲದು. ವಿಮರ್ಶಕರು ಅನ್ನಿಸಿಕೊಂಡ ಕೆಲವರ ಪಾಲೂ ಇದರಲ್ಲಿದೆ ಎಂದು ನೋವಿನಿಂದ ಹೇಳುತ್ತೇನೆ. ಯಾರ ಕಛೇರಿಯ ಬಗ್ಗೆ ಬರೆಯಬೇಕೋ ಅವರ ವೇದಿಕೆಯಲ್ಲೇ ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಕೆಳಗಿಳಿದವರು ಆ ರಾತ್ರಿ ಏನು ಬರೆಯಬಲ್ಲರು? ಓದುಗ ದಡ್ಡನಲ್ಲ. ಆತ ಆ ಬರಹದ ವಾಸನೆ ಹಿಡಿದ, ಪುಟ ತಿರುಗಿಸಿದ. ಆಗ ಸಂಪಾದಕರು ಓದುಗರಿಲ್ಲ ಅಂದರು. ಹಳಸಿದ ಅನ್ನ ಬಡಿಸಿ, ಊರಿಗೆ ಹಸಿವೇ ಇಲ್ಲ ಅಂದ ಹಾಗಾಯಿತು.

ಇಷ್ಟು ಹೊತ್ತು ಸಭೆಗಳ ಮಾತಾಡಿದೆ. ಇಂದಿರಾನಗರ, ಕೋರಮಂಗಲದ ಪಬ್ಬುಗಳಲ್ಲಿನ ಪುಟ್ಟ ವೇದಿಕೆಗಳ ಕತೆ ಇದಕ್ಕಿಂತ ಕಠೋರ. ಪತ್ರಕರ್ತನಿಲ್ಲದ ಸಂಗೀತಕ್ಕೆ ಕಷ್ಟಕಾಲದಲ್ಲಿ ಏನಾಗುತ್ತದೆ ಎಂಬುದನ್ನು ಅಲ್ಲಿ ನೋಡಬೇಕು.

2005ರಲ್ಲಿ ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡುವ ಆದೇಶವೊಂದು ಬಂತು. ಅದರ ಹಿಂದೆ ಇದ್ದದ್ದು ಆಗಿನ 'ಲೈವ್ ಬ್ಯಾಂಡ್' ಬಾರುಗಳ ಗದ್ದಲ. ಆ ಕಾಲಕ್ಕೆ ನಮ್ಮ ಊರಿನಲ್ಲಿ ಲೈವ್ ಬ್ಯಾಂಡ್ ಅಂದರೆ ಹೆಣ್ಣುಮಕ್ಕಳು ಹಾಡಿಗೆ ಕುಣಿಯುವ ಬಾರ್ ಎಂದೇ ಜನ ತಿಳಿಯುತ್ತಿದ್ದರು. (ಆ ಹೆಣ್ಣುಮಕ್ಕಳ ಹೊಟ್ಟೆಪಾಡಿನ ಕತೆಯನ್ನೂ ನಾವು ಓದಿದ್ದು ಪೊಲೀಸ್ ದಾಳಿಯ ಸುದ್ದಿಯಾಗಿ ಮಾತ್ರ.) ಗಿಟಾರು, ಡ್ರಮ್ಸ್ ಹೊತ್ತು ಬಂದು ತಾವೇ ಕಟ್ಟಿದ ಹಾಡು ಹಾಡುವ ಹುಡುಗ ಹುಡುಗಿಯರ ತಂಡವೂ ಕಾಗದದ ಮೇಲೆ ಲೈವ್ ಬ್ಯಾಂಡೇ. ಎರಡಕ್ಕೂ ಒಂದೇ ಪದ, ಒಂದೇ ಕಾನೂನು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಪರವಾನಗಿ ಇಲ್ಲದ ಪಬ್ಬು, ರೆಸ್ಟೋರೆಂಟುಗಳಲ್ಲಿ ಸಂಗೀತ ನಿಲ್ಲಿಸತೊಡಗಿದರು. ಪರವಾನಗಿ ಬೇಕೆಂದರೆ ಓಸಿ ಎಂದೇ ಎಲ್ಲರೂ ಕರೆಯುವ ಸ್ವಾಧೀನಾನುಭವ ಪತ್ರ ಬೇಕಿತ್ತು. ಈ ಊರಿನ ಎಷ್ಟೋ ಕಟ್ಟಡಗಳಿಗೆ ಅದಿಲ್ಲ ಎಂಬುದು ಯಾರಿಗೂ ಹೊಸ ಸಂಗತಿಯಲ್ಲ. ಕಟ್ಟಡದ ಮಾಲೀಕನ ತಪ್ಪಿಗೆ ಗಿಟಾರು ಹಿಡಿದವನು ಕೆಲಸ ಕಳೆದುಕೊಂಡ.

ಆಗ ಯಾರು ಬರೆಯಬೇಕಿತ್ತು? ನಾನು ಓದಿದ ಕನ್ನಡ ವರದಿಗಳಲ್ಲಿ ಹೆಚ್ಚಿನವನ್ನು ಬರೆದವರು ಅಪರಾಧ ವರದಿಗಾರರು. ಅವರು ತಮ್ಮ ಕೆಲಸ ಮಾಡಿದರು: ಎಷ್ಟು ಕಡೆ ದಾಳಿ, ಎಷ್ಟು ನೋಟಿಸು, ನೆರೆಹೊರೆಯವರ ದೂರು ಏನು. ನೆರೆಹೊರೆಯವರ ನಿದ್ದೆಯೂ ಮುಖ್ಯವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಪಬ್ಬಿನಲ್ಲಿ ವಾರಕ್ಕೆ ಎಷ್ಟು ತಂಡ ಹಾಡುತ್ತಿದ್ದವು, ಅವರಿಗೆ ಸಿಗುತ್ತಿದ್ದ ದುಡ್ಡೆಷ್ಟು, ಸೌಂಡ್ ಇಂಜಿನಿಯರ್ ಆಗಿ ಬದುಕುತ್ತಿದ್ದವರು ಎಷ್ಟು ಮಂದಿ, ಸದ್ದು ಹೊರಹೋಗದಂತೆ ಗೋಡೆ ಕಟ್ಟಿಸಿದ್ದ ಜಾಗ ಯಾವುದು, ಕಟ್ಟಿಸದ್ದು ಯಾವುದು, ಕುಣಿತದ ಬಾರಿಗೂ ಹಾಡಿನ ವೇದಿಕೆಗೂ ಇರುವ ಅಂತರವೇನು? ಇದನ್ನೆಲ್ಲ ಬಲ್ಲವನು ವಾರವಾರ ಅಲ್ಲಿ ಹೋಗಿ ಕೂತು ಕೇಳಿದ ವರದಿಗಾರ ಮಾತ್ರ. ಅಂಥವನೊಬ್ಬ ಪ್ರತಿ ಕನ್ನಡ ಪತ್ರಿಕೆಯಲ್ಲಿ ಇದ್ದಿದ್ದರೆ 'ಲೈವ್ ಬ್ಯಾಂಡ್' ಎಂಬ ಪದದೊಳಗಿನ ಗೊಂದಲವನ್ನು 2005ರಲ್ಲೇ ಬಿಡಿಸಿ ಹೇಳುತ್ತಿದ್ದ. ವಿಧಾನಸೌಧದವರೂ ಪೊಲೀಸ್ ಕಮಿಷನರ್ ಕಚೇರಿಯವರೂ ಓದುವ ಭಾಷೆಯಲ್ಲಿ, ಕನ್ನಡದಲ್ಲಿ, ಹೇಳುತ್ತಿದ್ದ. ಹೊಸ ತಂಡಗಳಿಗೆ ಬಾಗಿಲು ತೆರೆದಿಟ್ಟಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ವೇದಿಕೆ 2013ರಲ್ಲಿ ಶುರುವಾಗಿ 2019ರಲ್ಲಿ ಮುಚ್ಚಿತು. ಅದು ಮುಚ್ಚಿತು ಎಂದು ಕನ್ನಡದ ಎಷ್ಟು ಓದುಗರಿಗೆ ಗೊತ್ತು? ಅದು ಇತ್ತು ಎಂದಾದರೂ ಎಷ್ಟು ಮಂದಿಗೆ ಗೊತ್ತು?

2025ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಚರ್ಚ್ ಸ್ಟ್ರೀಟಿನ ಪಾದಚಾರಿ ಹಾದಿಯಲ್ಲಿ ನಿಂತು ಹಾಡುತ್ತಿದ್ದಾಗ ಪೊಲೀಸರೊಬ್ಬರು ಬಂದು ಮೈಕಿನ ವೈರು ಕಿತ್ತರು. ಲೋಕಕ್ಕೆಲ್ಲ ಸುದ್ದಿಯಾಯಿತು. ನಮ್ಮ ಪತ್ರಿಕೆಗಳ ಮುಖಪುಟಕ್ಕೂ ಬಂತು, ವಾಹಿನಿಗಳು ದಿನವಿಡೀ ತೋರಿಸಿದವು. ಆದರೆ ಅದೇ ಬೀದಿಯಲ್ಲಿ ಗಿಟಾರು ಹಿಡಿದು ನಿಲ್ಲುವ ನಮ್ಮ ಊರಿನ ಹುಡುಗರಿಗೆ ಅನುಮತಿ ಯಾರು ಕೊಡುತ್ತಾರೆ, ಯಾವ ಠಾಣೆಗೆ ಅಲೆಯಬೇಕು, ಎಷ್ಟು ಸಲ ಎಬ್ಬಿಸಿ ಕಳಿಸಿದ್ದಾರೆ ಎಂದು ಆ ವಾರವಾದರೂ ಹೋಗಿ ಕೇಳಿದವರು ಎಷ್ಟು ಜನ? ಸುದ್ದಿಯ ಎಳೆ ಕೈಗೇ ಬಂದಿತ್ತು. ಹೊರಗಿನ ದೊಡ್ಡ ಹೆಸರು ವಿಮಾನ ಹತ್ತಿದ ಕೂಡಲೇ ಕೈಬಿಟ್ಟರು.

ಕನ್ನಡ ಪತ್ರಿಕೆಗಳ ಮೇಲೆ ನನ್ನದು ಇನ್ನೂ ಒಂದು ಆರೋಪವಿದೆ. ನಮ್ಮಲ್ಲಿ ಹಾಡು ಅಂದರೆ ಸಿನಿಮಾ ಹಾಡು. ಸಿನಿಮಾಕ್ಕೆ ವಾರಕ್ಕೊಮ್ಮೆ ಬಣ್ಣದ ಪುರವಣಿ. ಮುಹೂರ್ತಕ್ಕೆ ಒಂದು ವರದಿ, ಟೀಸರಿಗೊಂದು, ಟ್ರೈಲರಿಗೊಂದು. ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ತಂಡ 1996ರಿಂದ ಈ ಊರಿನಲ್ಲಿ ಸ್ವಂತ ಹಾಡು ಕಟ್ಟುತ್ತಿದೆ. ಸ್ವರಾತ್ಮ ತಂಡ ಕನ್ನಡ, ಹಿಂದಿ ಎರಡರಲ್ಲೂ ಜಾನಪದದ ಮಟ್ಟುಗಳನ್ನು ರಾಕ್ ವಾದ್ಯಗಳ ಜೊತೆ ಕೂಡಿಸಿ ದೇಶ ಸುತ್ತಿದೆ. ಇವರನ್ನು ಓದುಗರಿಗೆ ಪರಿಚಯಿಸುವ ಕೆಲಸವನ್ನು ಇಂಗ್ಲಿಷ್ ಪತ್ರಿಕೆಗಳಿಗೆ ಬಿಟ್ಟುಕೊಟ್ಟು ಕೂತಿದ್ದೇವೆ. ಆಮೇಲೆ, ಬೆಂಗಳೂರಿನ ಪಬ್ಬುಗಳಲ್ಲಿ ಕನ್ನಡದ ಹಾಡಿಗೆ ಜಾಗವಿಲ್ಲ ಎಂದು ನವೆಂಬರಿನಲ್ಲಿ ಕೂಗುತ್ತೇವೆ. ಕನ್ನಡದಲ್ಲಿ ಹೊಸದಾಗಿ ಹಾಡು ಕಟ್ಟುವವರ ಬಗ್ಗೆ ಕನ್ನಡದಲ್ಲೇ ಬರೆಯದವರಿಗೆ ಹಾಗೆ ಕೂಗುವ ಅಧಿಕಾರ ಎಲ್ಲಿಂದ ಬಂತು?

ಬರೆದಿಟ್ಟದ್ದು ಮುಂದೊಂದು ದಿನ ಸಾಕ್ಷಿಯಾಗುತ್ತದೆ, ಅದಂತೂ ಯಾರಿಗೂ ನೆನಪಿಲ್ಲ. ಘಟಂ ವಿದುಷಿ ಸುಕನ್ಯಾ ರಾಮಗೋಪಾಲ್ ಬೆಂಗಳೂರಿನಲ್ಲಿ ನೆಲೆಸಿದವರು. 1995ರಲ್ಲಿ ಬರೀ ಹೆಣ್ಣುಮಕ್ಕಳ ವಾದ್ಯವೃಂದ 'ಸ್ತ್ರೀ ತಾಳ ತರಂಗ' ಕಟ್ಟಿದವರು. ಹೆಣ್ಣೆಂಬ ಕಾರಣಕ್ಕೆ ಅವರ ಜೊತೆ ನುಡಿಸಲು ಹಿಂಜರಿದವರಿದ್ದರು ಎಂಬುದನ್ನು ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಯಾರೋ ಒಬ್ಬ ಪತ್ರಕರ್ತ ಹೋಗಿ, ಕೂತು, ಕೇಳಿದ್ದರಿಂದ ಅದು ಹೊರಬಂತು. ಆಕೆಯ ತನಿಯ ತುಣುಕನ್ನು ಲಕ್ಷ ಜನ ನೋಡಬಹುದು. ಆ ತುಣುಕು ಇಂಥ ಪ್ರಶ್ನೆಗಳನ್ನು ಕೇಳುವುದಿಲ್ಲ: ಘಟಂನಂಥ ಉಪಪಕ್ಕವಾದ್ಯದವರಿಗೆ ಸಿಗುವ ಸಂಭಾವನೆ ಎಷ್ಟು? ಸರ್ಕಾರದ ಸಂಸ್ಕೃತಿ ಇಲಾಖೆಯ ಅನುದಾನ ಪಡೆದ ಸಂಸ್ಥೆ ನಿಜವಾಗಿ ಎಷ್ಟು ಕಛೇರಿ ನಡೆಸಿತು? ಸಭಾಭವನದ ಬಾಡಿಗೆ ಏರಿದಾಗ ಬಾಗಿಲು ಹಾಕಿದ ಸಣ್ಣ ಸಭೆಗಳು ಯಾವುವು? ಇವುಗಳ ಉತ್ತರ ಯಾವ ರೀಲಿನಲ್ಲೂ ಇಲ್ಲ, ಇರುವುದೂ ಇಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳುವವನಿಗೆ ಇವು ಬೇಡದ ಪ್ರಶ್ನೆಗಳು. ಕೇಳುವವನು ಬೇರೆಯವನೇ ಆಗಬೇಕು.

ಪತ್ರಿಕೆಯಿಂದ ಒಂದು ಊರಿನ ಸಂಗೀತ ಏನಾಗಬಲ್ಲದು ಎಂಬುದಕ್ಕೆ ಅಮೆರಿಕದ ಸಿಯಾಟಲ್ ಇದೆ. ಅಲ್ಲಿ 1979ರಿಂದ 2000ದವರೆಗೆ 'ದಿ ರಾಕೆಟ್' ಎಂಬ ಸಂಗೀತ ಪತ್ರಿಕೆ ನಡೆಯಿತು. ಊರಿನ ತಂಡಗಳೇ ಅದಕ್ಕೆ ಸುದ್ದಿ. 1983ರಿಂದ ಅದರಲ್ಲಿ ಬ್ರೂಸ್ ಪೇವಿಟ್ 'ಸಬ್ ಪಾಪ್' ಎಂಬ ಹೆಸರಿನ ಅಂಕಣ ಬರೆಯುತ್ತಿದ್ದರು. ಅದೇ ಹೆಸರು ಮುಂದೆ ಧ್ವನಿಮುದ್ರಣ ಸಂಸ್ಥೆಯಾಯಿತು. ಮುಂದೆ ಲೋಕಕ್ಕೆಲ್ಲ ಹೆಸರಾದ ನಿರ್ವಾಣ ಎಂಬ ರಾಕ್ ತಂಡದ ಮೊದಲ ಆಲ್ಬಂ ಅನ್ನು ಆ ಸಂಸ್ಥೆ 1989ರಲ್ಲಿ ಹೊರತಂದಿತು. ಆ ತಂಡ ಡ್ರಮ್ಸ್ ನುಡಿಸುವವರು ಬೇಕು ಎಂದು ಜಾಹೀರಾತು ಕೊಟ್ಟಿದ್ದೂ ಆ ಪತ್ರಿಕೆಯಲ್ಲೇ. ಪ್ರತಿಭೆ ಎಲ್ಲ ಊರಿನಲ್ಲೂ ಹುಟ್ಟುತ್ತದೆ. ಸಿಯಾಟಲ್‌ನಲ್ಲಿ ಅದನ್ನು ನೋಡುತ್ತಿದ್ದ ಕಣ್ಣುಗಳಿದ್ದವು.

ಓದುಗರಿಲ್ಲ ಎಂದು ಹೇಳುವ ಸಂಪಾದಕರನ್ನು ನೇರವಾಗಿ ಕೇಳುತ್ತೇನೆ: ಜಿಲ್ಲಾ ಮಟ್ಟದ ಕ್ರಿಕೆಟ್ ಪಂದ್ಯದ ಅಂಕಪಟ್ಟಿಯನ್ನು ಓದುಗರನ್ನು ಎಣಿಸಿಕೊಂಡು ಅಚ್ಚು ಹಾಕುತ್ತೀರಾ? ಆಟವನ್ನು ದಿನಾ ಬರೆದಿರಿ, ಮಕ್ಕಳು ದಿನಾ ಓದಿದರು, ಓದಿ ಮೈದಾನಕ್ಕೆ ಹೋದರು. ಸಂಗೀತವನ್ನು ಬರೆಯುವುದು ಬಿಟ್ಟಿರಿ, ಓದುವವರು ಬಿಟ್ಟರು. ಮೊದಲು ಬಿಟ್ಟವರು ಯಾರು?

ಹಾಗಾಗಿ ಬೇಡಿಕೆಯನ್ನು ಬಿಚ್ಚಿಯೇ ಹೇಳುತ್ತೇನೆ. ಬೆಂಗಳೂರಿನಿಂದ ಹೊರಡುವ ಪ್ರತಿ ಕನ್ನಡ ದಿನಪತ್ರಿಕೆ ವಾರಕ್ಕೆ ಒಂದು ಇಡೀ ಪುಟವನ್ನು ಈ ಊರಿನ ವೇದಿಕೆಯ ಸಂಗೀತಕ್ಕೆ ಕೊಡಲಿ. ಆ ಪುಟದಲ್ಲಿ ಗಾಯನ ಸಮಾಜದ ಪಕ್ಕದಲ್ಲೇ ಇಂದಿರಾನಗರ ಇರಲಿ, ಚರ್ಚ್ ಸ್ಟ್ರೀಟ್ ಇರಲಿ. ಅದಕ್ಕೆ ಸಂಬಳ ಕೊಟ್ಟು ಒಬ್ಬ ವರದಿಗಾರ ಅಥವಾ ವರದಿಗಾರ್ತಿಯನ್ನು ಇಟ್ಟುಕೊಳ್ಳಲಿ; ಪಾಸು, ಪ್ರಸಾದ, ಗೌರವಗಳಿಂದ ಹೊಟ್ಟೆ ತುಂಬುವುದಿಲ್ಲ. ಶಾಲು ಹೊದ್ದವರ ವಿಮರ್ಶೆಯನ್ನೂ ಸಂಘಟಕರ ಪ್ರಕಟಣೆಯನ್ನೂ ಆ ಪುಟದಿಂದ ದೂರ ಇಡಲಿ. ಸಭೆಗಳು ವಿಮರ್ಶಕನಿಗೆ ಒಂದು ಕುರ್ಚಿ ಕೊಡಲಿ, ಕುರ್ಚಿಯ ಆಚೆಗೆ ಏನೂ ಕೊಡದಿರಲಿ. ಕಲಾವಿದರೇ, ನಿಮ್ಮ ಬಗ್ಗೆ ಕಟುವಾಗಿ ಬರೆದವನ ಮೇಲೆ ಸಿಟ್ಟಾಗಿ, ಉತ್ತರ ಬರೆಯಿರಿ, ವಾದ ಮಾಡಿ; ಅವನು ಬರುವುದೇ ಬೇಡ ಎಂದು ಮಾತ್ರ ಹೇಳಬೇಡಿ. ಓದುಗರೇ, ನೀವು ದುಡ್ಡು ಕೊಟ್ಟು ತರಿಸುವ ಪತ್ರಿಕೆ ಅದು. ಸಂಪಾದಕರಿಗೆ ಕಾಗದ ಬರೆಯಿರಿ, ಫೋನ್ ಮಾಡಿ, ನನ್ನ ಊರಿನ ಹಾಡಿನ ಸುದ್ದಿ ಎಲ್ಲಿ ಎಂದು ಕೇಳಿ. ಒಂದು ಸಲಕ್ಕೆ ಬಿಡಬೇಡಿ.

ಮುಂದಿನ ರಾಮನವಮಿಗೆ ಚಾಮರಾಜಪೇಟೆಯ ಮೈದಾನದಲ್ಲಿ ಮತ್ತೆ ಚಪ್ಪರ ಏಳುತ್ತದೆ. ಅಷ್ಟರೊಳಗೆ ಒಬ್ಬರನ್ನಾದರೂ ನೇಮಿಸಿ. ವರ್ಣಕ್ಕೆ ಮುಂಚೆ ಬಂದು ಕೂರಲಿ, ಮಂಗಳದವರೆಗೆ ಕೇಳಲಿ, ಮೃದಂಗದವರ ಹೆಸರನ್ನು ಸರಿಯಾಗಿ ಕೇಳಿ ಬರೆದುಕೊಳ್ಳಲಿ, ರಾತ್ರಿಯೇ ಬರೆದು ಕಳಿಸಲಿ. ಬೆಳಿಗ್ಗೆ ಯಶವಂತಪುರದಲ್ಲೋ ಕೆಂಗೇರಿಯಲ್ಲೋ ಯಾವನೋ ಒಬ್ಬ ಹುಡುಗ ಅದನ್ನು ಓದಲಿ.